ಸೋಮವಾರದ ಎತ್ತು

ನಮ್ಮಜ್ಜಿ ಜವರಮ್ಮನ ಅಣ್ಣ ಪುಟ್ಟಬಸವಯ್ಯ ಕೂತಲ್ಲಿ ಕೂರುವ ಆಸಾಮಿಯಲ್ಲ. ಹಣೆಬರಹ ನೋಡಿ, ಅವನಿಗೆ ಸಿಕ್ಕಿದ್ದು ಕೂರುವ ಕೆಲಸವೇ. ನಂಜನಗೂಡಿನ ಶಂಭುಲಿಂಗಪ್ಪನವರ ಜವಳಿ ಅಂಗಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಬಟ್ಟೆ ಅಳೆಯುವುದು. ಕೈ ಗಜ ಹಿಡಿದಿದ್ದರೆ ಮೊಣಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ಅವನಿಗೆ ಜೀವ ಬರುತ್ತಿದ್ದದ್ದು ಸೋಮವಾರ. ಅದು ಬಸವಣ್ಣನ ದಿನ, ನಮ್ಮ ಕಡೆ ಯಾರೂ ಗಾಡಿಗೆ, ನೇಗಿಲಿಗೆ ಎತ್ತು ಕಟ್ಟುವುದಿಲ್ಲ. ಗಾಡಿ ಹೊರಡದಿದ್ದರೆ ಹಳ್ಳಿಯ ಗಿರಾಕಿಯೂ ಇಲ್ಲ, ಅಂಗಡಿಗೆ ರಜ. ಆಗಿನ್ನೂ ಮಹಾರಾಜರ ಕಾಲ. ರೈಲು ನಂಜನಗೂಡಿಗೆ ಬಂದಿತ್ತೇ ಹೊರತು ತಂಗಿಯ ಮನೆಯಿದ್ದ ನರಸೀಪುರಕ್ಕೆ ಇರಲಿಲ್ಲ. ಬೆಳಗಾಗುತ್ತಲೇ ಪುಟ್ಟಬಸವಯ್ಯ ಸೈಕಲ್ಲು ಹತ್ತುತ್ತಿದ್ದ. ಯಾವನೋ ಬಿಳಿ ದೊರೆ ಓಡಿಸಿ ಬಿಸಾಕಿದ್ದ ಹಳೇ ಸೈಕಲ್ಲು. ಸೀಟಿನ ಚರ್ಮ ಹರಿದು ಗೋಣಿ ಸುತ್ತಿದ್ದ. ಗಂಟೆಯಿಲ್ಲ, ಬಾಯೇ ಗಂಟೆ. ಗಾಡಿಗಳಿಲ್ಲದ ಆ ರಸ್ತೆಯಲ್ಲಿ ಗಾಳಿಗೆ ಪಂಚೆ ಪಟಪಟ ಎನ್ನುವಾಗ ಅವನ ಒಳಗಿನ ತಳಮಳ ಅಡಗುತ್ತಿತ್ತು. ತಂಗಿಯನ್ನು ಕಂಡು, ಒಂದು ಲೋಟ ಮಜ್ಜಿಗೆ ಕುಡಿದು ವಾಪಸ್ಸು. ಅಷ್ಟೇ ಸುಖ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಶಂಭುಲಿಂಗಪ್ಪನವರು ಹೊಸ ಸೈಕಲ್ಲು ತರಿಸಿದರು. ಗ್ಯಾಸ್ ದೀಪ, ಹಿತ್ತಾಳೆ ಗಂಟೆ, ಹಿಂದೆ ಪೆಟ್ಟಿಗೆ. ಧೂಳಾದೀತೆಂದು ಅವರು ದೇವಸ್ಥಾನದ ಬೀದಿ ದಾಟಿಸಲಿಲ್ಲ. ನಮ್ಮವನ ತಲೆಗೆ ಹುಳ ಹೊಕ್ಕಿತು. ಅಲ್ಲಿ ಇಲ್ಲಿ ಅಲೆದು ತಾನೂ ದೀಪ ಕಟ್ಟಿದ, ಗಂಟೆ ಕಟ್ಟಿದ, ದೊಡ್ಡದೊಂದು ಪೆಟ್ಟಿಗೆಯನ್ನೂ ಬಿಗಿದ. ಪೆಟ್ಟಿಗೆ ಕಂಡವರು ಸುಮ್ಮನಿರುತ್ತಾರೆಯೇ? ತಂಗಿಯ ಮಾವ ಶಿವಮಲ್ಲಪ್ಪ ಕಡ್ಲೆಪುರಿಯಿಂದ ಹಿಡಿದು ನೇಗಿಲ ಗುಳದವರೆಗೆ ತರಹೇಳಿದರು. ಸೈಕಲ್ಲು ಕತ್ತೆಯಾಯಿತು, ಸವಾರ ಅಗಸನಾದ. ಏರು ಬಂದರೆ ಇಳಿದು ತಳ್ಳಬೇಕು. ತುಳಿಯುವಾಗಲೂ ಮನಸ್ಸು ಮುಂದಿನ ಸಾಮಾನಿನ ಮೇಲೆ.

ಆ ವರ್ಷದ ಸಂಕ್ರಾಂತಿಗೆ ಅವನು ತಂಗಿಯ ಮನೆಯಲ್ಲಿದ್ದ. ಸಂಜೆ ದನಗಳ ಮೈತೊಳೆದು, ಅರಿಶಿನ ಹಚ್ಚಿ, ಹುಲ್ಲಿನ ಬೆಂಕಿ ಹಾಕಿ ಕಿಚ್ಚು ಹಾಯಿಸುತ್ತಿದ್ದರು. ಒಬ್ಬೊಬ್ಬರ ಎತ್ತು ನೆಗೆದಾಗಲೂ ಇವನ ಕಾಲು ತುಡಿಯಿತು. ತಡೆಯಲಾಗಲಿಲ್ಲ. ಸೈಕಲ್ಲಿಗೆ ಅರಿಶಿನ ಬಳಿದು, ಹ್ಯಾಂಡಲ್ಲಿಗೆ ಚೆಂಡುಹೂ ಸುತ್ತಿ, ಗಂಟೆ ಬಾರಿಸುತ್ತ ಬೆಂಕಿ ದಾಟಿಸಿಯೇಬಿಟ್ಟ. ಊರೆಲ್ಲ ಕೇಕೆ ಹಾಕಿತು.

ಶಿವಮಲ್ಲಪ್ಪ ಮಾತ್ರ ನಗಲಿಲ್ಲ. "ಕಿಚ್ಚು ಆಯಿಸ್ದೋನು ನೀನೇ ಕಣಪ್ಪ. ಆಯ್ದ ಮ್ಯಾಲೆ ಅದೂ ಬಸವಣ್ಣನೇ. ಇನ್ನು ಸ್ವಾಮಾರ ಕಟ್ಟಂಗಿಲ್ಲ" ಎಂದರು.

ಹಿರಿಯರೆಲ್ಲ ತಲೆದೂಗಿದರು. ಪುಟ್ಟಬಸವಯ್ಯ ದಿನಾ ಲಿಂಗಪೂಜೆ ಮಾಡುವವನು, ಬಸವಣ್ಣನ ಹೆಸರೆತ್ತಿದ ಮೇಲೆ ಏನು ವಾದ ಮಾಡಿಯಾನು? ಅವನಿಗಿದ್ದದ್ದು ವಾರಕ್ಕೊಂದೇ ಬಿಡುವು. ಅದನ್ನು ತಾನೇ ಬೆಂಕಿಗೆ ಹಾಕಿದ್ದ.

ಆಮೇಲಿನ ಸೋಮವಾರಗಳು ನರಕ. ಹಜಾರದಲ್ಲಿ ಅತ್ತಿಂದಿತ್ತ, ಇತ್ತಿಂದತ್ತ. ಹಿತ್ತಿಲಿಗೆ ಹೋಗುವನು, ಸೈಕಲ್ಲಿನ ಚಕ್ರ ತಿರುಗಿಸಿ ನಿಂತು ನೋಡುವನು, ಮತ್ತೆ ಒಳಗೆ. ಹೆಂಡತಿ ಸಿದ್ದಲಿಂಗಮ್ಮನಿಗೆ ತಲೆ ಚಿಟ್ಟುಹಿಡಿಯಿತು. "ನೆಲ ಸವೀತದೆ, ಎಲ್ಲಾದ್ರೂ ಓಗಿ ಅತ್ಲಾಗೆ!" ಎಂದು ಗದರಿದಳು.

ಆ ಸೋಮವಾರವೇ ಅವನು ನರಸೀಪುರಕ್ಕೆ ನಡೆದು ಹೊರಟ. ಹೊತ್ತು ಇಳಿಯುವಾಗ ಕುಂಟುತ್ತ ಬಂದ ಅಣ್ಣನನ್ನು ಕಂಡು ಜವರಮ್ಮ ಒಳಗಿಂದ ಓಡಿಬಂದಳು. ಅಂಗಾಲೆಲ್ಲ ಬೊಬ್ಬೆ. ಬಿಸಿನೀರು ಹಾಕಿದಳು. ಮಾವ ಜಗಲಿಯ ಮೇಲಿದ್ದರು. ಎದುರಿಗೆ ಅವರ ಎತ್ತುಗಳು ಹೊಳೆದಂಡೆಯಿಂದ ತಾವೇ ಆರಾಮಾಗಿ ಬರುತ್ತಿದ್ದವು. ಎಂದೂ ಮಾವನ ಎದುರು ದನಿಯೆತ್ತದ ಜವರಮ್ಮ ಬಾಗಿಲ ಮರೆಗೆ ಬಂದು ನಿಂತಳು.

"ಸ್ವಾಮಾರ ಎತ್ತ ಕೊಟ್ಟಿಗೇಲೆ ಕಟ್ಟಾಕಲ್ವಾ ಮಾವಯ್ಯ?"

"ಉಂಟಾ? ಅವೂ ಒಂದಿನ ಅಡ್ಡಾಡ್ಕೊಂಡು ಮೇಯ್ಲಿ ಅಂತ್ಲೇ ಅಲ್ವಾ ಬುಡಾದು!"

"ಅಂಗಾರೆ ನಮ್ಮಣ್ಣಯ್ಯನ ಬಸವಣ್ಣನೂ ಅಡ್ಡಾಡ್ಲಿ. ನೊಗ ಬ್ಯಾಡ, ಹೊರೆ ಬ್ಯಾಡ."

ಶಿವಮಲ್ಲಪ್ಪ ಸೊಸೆಯಿದ್ದ ಕಡೆ ನೋಡಿದರು, ಬೀಗರ ಕಾಲಿನ ಬೊಬ್ಬೆಯನ್ನೂ ನೋಡಿದರು. ಎಲೆಯಡಿಕೆ ಉಗುಳಿ ಬಂದು ಕೂತರು. "ಹೊರೆ ಬ್ಯಾಡ ಅಂದ್ಮೇಲೆ ಪೂರಾ ಬ್ಯಾಡ. ಪೆಟ್ಗೆ, ಗಂಟೆ, ಎಲ್ಲಾ ಬಿಚ್ಚಾಕು. ನಂಗೇನೂ ತರಬ್ಯಾಡ."

ಮುಂದಿನ ಸೋಮವಾರ ಪುಟ್ಟಬಸವಯ್ಯ ಪೆಟ್ಟಿಗೆ ಕಳಚಿದ. ದೀಪ ಕಳಚಿದ. ಗಂಟೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ತಡೆದ, ಅದನ್ನೂ ಬಿಚ್ಚಿದ. ಸೀಟಿಗೆ ಗೋಣಿ ಬಿಗಿದು ಹೊರಟಾಗ ಶಂಭುಲಿಂಗಪ್ಪನವರು ಮನೆಯ ಮುಂದೆ ಹೊಸ ಸೈಕಲ್ಲು ಒರೆಸುತ್ತಿದ್ದರು.

"ಏನಯ್ಯಾ, ಎಲ್ಲಾ ಬೋಳಿಸಿಬಿಟ್ಟಿದ್ದೀಯ! ನರಸೀಪುರದಲ್ಲಿ ಏನು ಕೆಲಸ ಇವತ್ತು?"

"ಕೆಲ್ಸ ಏನೂ ಇಲ್ಲ ಸಾವ್ಕಾರ್ರೇ, ಮೇಯಕ್ಕೆ ಬುಟ್ಟಿವ್ನಿ" ಎಂದು ಕೂಗಿ ಪುಟ್ಟಬಸವಯ್ಯ ತಿರುವು ದಾಟಿದ. ಸಾಹುಕಾರರು ಬಟ್ಟೆ ಹಿಡಿದುಕೊಂಡೇ ಆ ಖಾಲಿ ರಸ್ತೆಯನ್ನು ಬಹಳ ಹೊತ್ತು ನೋಡುತ್ತಿದ್ದರಂತೆ.