ಹೆಂಚಿನ ಕೆಳಗಿನ ಗಿಡ್ಡ ಗೋಡೆ

ಮುಂಬಯಿ ಮಲಾಡಿನ ನಮ್ಮ ಬೈಠೀ ಚಾಳಿನಲ್ಲಿ ಕೊನೆಗೆ ಹೆಂಚು ಉಳಿದಿದ್ದು ಎರಡೇ ಖೋಲಿಗಳ ಮೇಲೆ, ನನ್ನದು ಮತ್ತು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಪಕ್ಕದ ಮರಾಠಿ ಹೆಂಗಸಿನದು. ಉಳಿದವರೆಲ್ಲ ಅಕ್ಕಪಕ್ಕದವರು ಜೋಡಿಯಾಗಿ ಹೆಂಚು ಇಳಿಸಿ ಪತ್ರಾ, ಅಂದರೆ ಶೀಟು, ಹಾಕಿಸಿಕೊಂಡಿದ್ದರು. ನಾನು ನಳದ ಹತ್ತಿರ ಕಂಡರೆ ಸಾಕು, ಯಾರಾದರೊಬ್ಬರು ಮೇಲಕ್ಕೆ ಕಣ್ಣು ಹಾಯಿಸಿ ಇನ್ನೆಷ್ಟು ವರ್ಷ ಎಂದು ಕೇಳುವರು. ಕೇಳಿದ್ದು ಹೆಂಚಿನ ಆಯುಷ್ಯವನ್ನೋ ನನ್ನದನ್ನೋ, ನಾನು ವಿಚಾರಿಸಲು ಹೋಗಲಿಲ್ಲ.

ಬೈಠೀ ಚಾಳೆಂದರೆ ಮಾಳಿಗೆಯಿಲ್ಲದೆ ನೆಲದ ಮೇಲೆ ಸಾಲಾಗಿ ಕೂತ ಖೋಲಿಗಳು. ಇಡೀ ಸಾಲಿಗೆ ಒಂದೇ ಮಾಡು. ಖೋಲಿಗಳ ನಡುವಿನ ಗೋಡೆ ಮಾಡಿನವರೆಗೆ ಹೋಗುವುದಿಲ್ಲ, ಆಳೆತ್ತರ ದಾಟಿ ಅಲ್ಲಿಗೇ ನಿಂತುಬಿಡುತ್ತದೆ. ಅದರ ಮೇಲೆ ಹೆಂಚಿನವರೆಗೂ ಬಟಾಬಯಲು. ಗೋಡೆಗೂ ಕಿವಿಯಿರುತ್ತದೆ ಅನ್ನುತ್ತಾರೆ, ನಮ್ಮ ಗೋಡೆಗೆ ತಲೆಯೇ ಇರಲಿಲ್ಲ. ನನ್ನದು ಸಾಲಿನ ಕೊನೆಯ ಖೋಲಿ. ಅತ್ತ ಗಟಾರ, ಇತ್ತ ವೈನಿ, ಅವರ ಮಗ ಮತ್ತು ಸೊಸೆ.

ನಮ್ಮವರು ಇದ್ದಾಗ ಹೆಂಚಿನ ಉಸಾಬರಿಯೆಲ್ಲ ಅವರದೇ. ದಾದರಿನ ಬಟ್ಟೆ ಅಂಗಡಿಯಲ್ಲಿ ವರ್ಷವಿಡೀ ಬೇರೆಯವರಿಗೆ ಸೀರೆ ಬಿಚ್ಚಿ ತೋರಿಸುವ ಮನುಷ್ಯ, ಮೇ ತಿಂಗಳು ಬಂತೆಂದರೆ ರಜೆ ಹಾಕಿ ಪಂಚೆ ಎತ್ತಿ ಕಟ್ಟಿ ಏಣಿ ಹತ್ತುತ್ತಿದ್ದರು. ಒಂದೊಂದೇ ಹೆಂಚು ಎತ್ತಿ, ಪಾಚಿ ಕೆರೆದು, ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುವರು. ಖಣ್ ಎಂದರೆ ಗಟ್ಟಿ, ಮತ್ತೆ ಅದರ ಜಾಗಕ್ಕೆ. ಢಬ್ ಎಂದರೆ ಎಲ್ಲೋ ಬಿರುಕಿದೆ, ಕೆಳಗೆ. ಹೊಸ ಹೆಂಚಿನ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಎಲ್ಲಾದರೂ ಹಳೆಯ ಚಾಳು ಕೆಡವುತ್ತಾರೆಂದು ಕೇಳಿದರೆ ಅಲ್ಲಿಗೆ ಹೋಗಿ, ಬದನೆಕಾಯಿ ಆರಿಸುವ ಹಾಗೆ ಆರಿಸಿ ತರುತ್ತಿದ್ದರು. ಒಲೆಯ ಮೇಲೆ ಬೆಳಕು ಬೀಳಲೆಂದು ಒಂದು ಗಾಜಿನ ಹೆಂಚನ್ನೂ ಕೂಡಿಸಿದ್ದರು. ಊಟದ ಹೊತ್ತಾದರೂ ಇಳಿಯುತ್ತಿರಲಿಲ್ಲ. ನಾನು ಅಂಗಳದಲ್ಲಿ ನಿಂತು, "ಏಳ್ರಿ, ಊಟಕ್ಕ" ಎಂದು ಕೂಗಬೇಕು. ಮೇಲಿನಿಂದ ಅದೇ ಉತ್ತರ, "ಬಂದೆ, ತಡಿ." ಅನ್ನ ಆರಿ ತಣ್ಣಗಾದ ಮೇಲೆ ಸವಾರಿ ಬರುತ್ತಿತ್ತು.

ಅವರು ಹೋದಮೇಲೆ ಹೆಂಚು ತಿರುವಲು ಆಳು ಕರೆಸತೊಡಗಿದೆ. ಅವನು ಒಂದು ಬಿರುಕು ಸರಿಮಾಡುವಷ್ಟರಲ್ಲಿ ಕಾಲಿಟ್ಟು ಎರಡು ಒಡೆಯುತ್ತಿದ್ದ. ಅದಕ್ಕೆ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ, ಅದು ಹಾರದಿರಲೆಂದು ಮೇಲೊಂದು ಹಳೆಯ ಟಾಯರು. ಇಷ್ಟಾದರೂ ನಾನು ಪತ್ರಾ ಬೇಡವೆಂದೇ ಕೂತೆ. ಜನ ನನಗೆ ಕರ್ನಾಟಕದ ಊರುಮನೆಯ ಹೆಂಚಿನ ಮೋಹ ಅಂದುಕೊಂಡರು, ಕೆಲವರು ಜಿಪುಣಿ ಅಂದರು. ಎರಡೂ ಅಲ್ಲ.

ನನಗೆ ಬೇಕಾಗಿದ್ದದ್ದು ಆ ಗೋಡೆಯ ಮೇಲಿನ ಬಯಲು. ಮಕ್ಕಳಿಲ್ಲದ ಮನೆ, ಫೋರ್ಟಿನ ಆಫೀಸಿನಲ್ಲಿ ಟೈಪು ಮಾಡುತ್ತಿದ್ದ ನೌಕರಿಯೂ ಮುಗಿದಿತ್ತು. ಇಡೀ ದಿನ ನನ್ನೊಡನೆ ಒಂದು ಮಾತಾಡುವವರಿಲ್ಲ. ಬೆಳಿಗ್ಗೆ ಗೋಡೆಯಾಚೆ ವೈನಿ ಚಹಾಕ್ಕೆ ಶುಂಠಿ ಜಜ್ಜಿದ ಸದ್ದು ಬಂದರೆ ನಾನೂ ಎದ್ದು ಚಹಾಕ್ಕಿಡುತ್ತಿದ್ದೆ. ಅವರ ಕುಕ್ಕರಿನ ಸೀಟಿ ಕೇಳಿ ನನ್ನ ಒಲೆ ಹೊತ್ತಿಸುತ್ತಿದ್ದೆ. ಅವರ ಟಿವಿಯ ಧಾರಾವಾಹಿಯಲ್ಲಿ ಅತ್ತೆ ಬೈದರೆ ಇಲ್ಲಿ ಕೂತು ಅವಳಿಗೆ ಎರಡು ಬೈಯುತ್ತಿದ್ದೆ. ಒಗ್ಗರಣೆಯ ಘಾಟಿಗೆ ಅಲ್ಲಿ ಅವರು ಸೀನಿದರೆ ಇಲ್ಲಿ ನಾನು. ಅದು ನನ್ನ ಸಂಸಾರವಾಗಿರಲಿಲ್ಲ, ಆದರೆ ಅದರಿಂದಲೇ ನನ್ನ ದಿನ ನಡೆಯುತ್ತಿತ್ತು.

ಇಬ್ಬರ ಹೆಂಚೂ ಒಂದರ ಮೇಲೊಂದು ಕೂತಿದ್ದರಿಂದ ಒಬ್ಬರೇ ಪತ್ರಾ ಹಾಕಿಸುವ ಹಾಗಿರಲಿಲ್ಲ, ಹಾಕಿಸಿದರೆ ಸಂದಿಯಲ್ಲಿ ನೀರು ಇಳಿಯುತ್ತದೆ. ಹಾಗಾಗಿ ವೈನಿ ನನ್ನ ಒಪ್ಪಿಗೆಗಾಗಿ ಕಾದರು. ಒಂದು ಬೇಸಿಗೆಯಲ್ಲಿ, ನೋಡಲಿಕ್ಕೇನು ಎಂದು ನನ್ನನ್ನು ಸ್ಟೇಶನ್ ಹತ್ತಿರದ ಪತ್ರಾ ಅಂಗಡಿಗೆ ಎಳೆದುಕೊಂಡು ಹೋದರು. ಅಲ್ಲಿ ಸಿಮೆಂಟಿನದು, ತಗಡಿನದು, ಕಾವು ತಡೆಯಲು ಒಳಗೆ ಫೋಮ್ ಅಂಟಿಸಿದ್ದು, ಎಲ್ಲ ಇದ್ದವು. ಒಂದಂತೂ ಕೆಂಪು ಬಣ್ಣ ಬಳಿದು ಹೆಂಚಿನ ಹಾಗೇ ಮಡಿಕೆ ಮಾಡಿದ ತಗಡು. ಹುಲಿವೇಷದ ಹುಲಿ ಅನ್ನಿ. ವೈನಿ ಅದನ್ನೇ ಮುಟ್ಟಿ, ನಿನಗೆ ಹೆಂಚು ನೋಡಿದ ಹಾಗೂ ಆಯಿತು, ನನಗೆ ಸೋರುವುದು ನಿಂತ ಹಾಗೂ ಆಯಿತು ಎಂದರು. ನಾನು ಗೆಣ್ಣಿನಿಂದ ಬಡಿದು ನೋಡಿದೆ. ಖಣ್ಣೂ ಇಲ್ಲ, ಢಬ್ಬೂ ಇಲ್ಲ. ಅಂಗಡಿಯವನು ವ್ಯಾಪಾರದ ಹುರುಪಿನಲ್ಲಿ, ಇದನ್ನು ಹಾಕಿಸುವಾಗ ನಡುಗೋಡೆಯನ್ನೂ ಪತ್ರಾಕ್ಕೆ ಮುಟ್ಟಿಸಿಬಿಡಿ, ಆಮೇಲೆ ಆಚೆಯ ಪಿಟ್ಟೆನ್ನುವ ಸದ್ದೂ ಈಚೆ ಬರುವುದಿಲ್ಲ ಎಂದ. ತಗಡು ಬೇಸಿಗೆಯಲ್ಲಿ ಕಾಯುತ್ತದೆ ಎಂದು ನೆಪ ಹೇಳಿ ರಿಕ್ಷಾ ಹತ್ತಿದೆ.

ಮೇ ಮುಗಿಯುವ ಮೊದಲೇ ಒಂದು ಸಂಜೆ ಗಾಳಿಮಳೆ ಬಂತು. ತಾಡಪತ್ರಿ ಹಾರಿತು, ಟಾಯರು ಉರುಳಿ ಹೆಂಚು ಒಡೆಯಿತು, ನೀರೆಲ್ಲ ಸುರಿದದ್ದು ವೈನಿಯ ಸೊಸೆಯ ಹಾಸಿಗೆಯ ಮೇಲೆ. ಅವಳು ಬಸುರಿ. ಮರುದಿನ ವೈನಿ ನನ್ನ ಹೊಸ್ತಿಲಲ್ಲಿ ಬಂದು ಕೂತರು. ಜಗಳಕ್ಕೆ ಬಂದಿದ್ದರೆ ನಾನೂ ಸೊಂಟ ಕಟ್ಟಿ ನಿಲ್ಲುತ್ತಿದ್ದೆ. ಅವರು ಬೈಯಲಿಲ್ಲ. ಮರಾಠಿಯಲ್ಲಿ ಮೆಲ್ಲಗೆ, ಇನ್ನು ಕೂಸು ಬಂದರೆ ಹೊತ್ತಿಲ್ಲದ ಹೊತ್ತಿನಲ್ಲಿ ಅಳುತ್ತದೆ, ನಿನಗೆ ತೊಂದರೆ ಎಂದರು. ತೊಂದರೆಯಿಲ್ಲ, ಕೂಸಿನ ಅಳು ಕೇಳಿ ಬಹಳ ದಿನವಾಯಿತು ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಅವರು ನನ್ನ ಮುಖ ನೋಡಿದರು. ನಿನ್ನದೂ ನಮಗೆ ಕೇಳಿಸುತ್ತದೆ ಅಕ್ಕಾ ಎಂದರು. ದಿನಾ ಸಂಜೆ ಹೋದ ಅಣ್ಣನನ್ನು ಊಟಕ್ಕೆ ಕೂಗುತ್ತೀಯಲ್ಲ, ಆ ಹೊತ್ತಿಗೆ ನಾವು ಟಿವಿ ಸಣ್ಣದು ಮಾಡುತ್ತೇವೆ.

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ತಟ್ಟೆ ಹಾಕಿಕೊಂಡು ಫೋಟೋದ ಕಡೆ ತಿರುಗಿ, "ಏಳ್ರಿ, ಊಟಕ್ಕ" ಎಂದು ಕೂಗುವುದು ಅವರು ಹೋದಮೇಲೂ ನಿಂತಿರಲಿಲ್ಲ. ಕೂಗದೆ ತುತ್ತು ಇಳಿಯುತ್ತಿರಲಿಲ್ಲ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ, ಆ ಬಯಲಿನಲ್ಲಿ ಸದ್ದು ಈಚೆಗೆ ಮಾತ್ರ ಬರುತ್ತದೆ ಅಂದುಕೊಂಡಿದ್ದೆನಲ್ಲ. ಇಷ್ಟು ವರ್ಷ ಆಚೆ ಮೂರು ಜನ ಉಸಿರು ಬಿಗಿಹಿಡಿದು ನನ್ನ ಒಂಟಿತನ ಕೇಳಿಸಿಕೊಂಡಿದ್ದರು. ಆ ನಾಚಿಕೆಗೆ ಪತ್ರಾಕ್ಕೂ ನಡುಗೋಡೆ ಎತ್ತರಿಸಲಿಕ್ಕೂ ಅಲ್ಲಿಯೇ ಒಪ್ಪಿಬಿಟ್ಟೆ. ಯಾವ ಬಣ್ಣ ಎಂದು ಕೇಳಿದರೆ ಯಾವುದಾದರೂ ಆಗಲಿ ಎಂದೆ.

ಮಳೆಗೆ ಮುಂಚೆ ಕೆಲಸ ಮುಗಿಯಿತು. ಇಳಿಸಿದ ಹೆಂಚನ್ನು ಬಾಗಿಲ ಬದಿಗೆ ಒಟ್ಟಿದರು, ನಾನು ಗಾಜಿನದೊಂದನ್ನು ಒಳಗಿಟ್ಟುಕೊಂಡೆ. ಗವಂಡಿ ಗೋಡೆಯ ಮೇಲೆ ಇಟ್ಟಿಗೆ ಇಡುತ್ತ ಹೋದ ಹಾಗೆ ವೈನಿಯ ಮನೆ ನನಗೆ ಸ್ವಲ್ಪಸ್ವಲ್ಪವೇ ಮುಚ್ಚಿತು. ಮೊದಲು ಅವರ ಫ್ಯಾನಿನ ಸದ್ದು ಹೋಯಿತು, ಆಮೇಲೆ ಪಾತ್ರೆಯದು, ಕೊನೆಗೆ ಮಾತು. ಬೆಳಿಗ್ಗೆ ಶುಂಠಿ ಜಜ್ಜಿದ್ದು ಕೇಳಿಸದೆ ಎಷ್ಟೋ ಹೊತ್ತು ಹಾಸಿಗೆಯಲ್ಲೇ ಬಿದ್ದಿದ್ದೆ. ಈಗ ನಾನು ಎಷ್ಟು ಗಟ್ಟಿಯಾಗಿ ಕೂಗಿದರೂ ಯಾರಿಗೂ ಕೇಳದು, ಆದರೆ ಕೂಗುವ ಧೈರ್ಯವೇ ಹೋಗಿತ್ತು. ಸಂಜೆ ಅನ್ನ ಮಾಡಿದೆ, ತಟ್ಟೆ ತೊಳೆದಿಟ್ಟೆ. ಬಾಯಿಗೆ ಬಂದ ಕೂಗನ್ನು ನುಂಗಿ, ಅನ್ನವನ್ನು ಹಾಗೆಯೇ ಮುಚ್ಚಿ ಗೋಡೆಗೆ ಒರಗಿ ಕೂತೆ. ಮಳೆ ಶುರುವಾಯಿತು. ತಗಡಿನ ಮೇಲೆ ಅದರ ಗದ್ದಲವೋ ಗದ್ದಲ.

ಆ ಗದ್ದಲದಲ್ಲೂ ಬಾಗಿಲ ಚಿಲಕ ಬಡಿದದ್ದು ಕೇಳಿಸಿತು. ಮುಂದೆ ಮಾಡಿದ್ದ ಬಾಗಿಲು ತಾನೇ ಸರಿಯಿತು. ತಲೆಯ ಮೇಲೆ ಸೆರಗು, ಕೈಯಲ್ಲಿ ಮುಚ್ಚಿದ ಡಬ್ಬಿ ಹಿಡಿದು ವೈನಿ ನಿಂತಿದ್ದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಕನ್ನಡದ ಒಂದು ಶಬ್ದ ನಾನು ಕೇಳಿರಲಿಲ್ಲ. ಅವತ್ತು ಕೇಳಿದೆ. ಎಳೆತ, ಧಾಟಿ, ಕೊನೆಯ ಇಳಿತ, ಎಲ್ಲ ನನ್ನದೇ.

"ಏಳ್ರಿ, ಊಟಕ್ಕ."

ನಾನು ಗೋಡೆ ಹಿಡಿದುಕೊಂಡು ಎದ್ದೆ. "ಬಂದೆ," ಎಂದೆ, "ತಡ್ರಿ."