ಒಂಬತ್ತನೆಯ ಪದಾರ್ಥ

ಜೋಯಲ್, ಅನಿಶಾ,

ಇವತ್ತು ಬೆಳಿಗ್ಗೆ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯ ಕಾಳನ್ನು ಸುಲಿದು, ತೆಂಗಿನ ಹಾಲಿಗೆ ಹಾಕಲೆಂದು ಗುದ್ದುತ್ತಿದ್ದೆ. ಹಸಿ ಭತ್ತದ ವಾಸನೆ ಮೂಗಿಗೆ ಬಂದದ್ದೇ ತಡ, ನಿಮ್ಮ ಅಜ್ಜ ಅಡುಗೆಮನೆಯ ಬಾಗಿಲಲ್ಲಿ ನಿಂತು "ಎಷ್ಟಾಯಿತು?" ಎಂದು ಕೇಳಿದ ಹಾಗಾಯಿತು. ಗುದ್ದುವ ಕೈ ಹಾಗೇ ನಿಂತಿತು...

ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ನಾಲ್ಕು ಜನ ಸೇರಿದರೆ ಅಡುಗೆಮನೆಗೆ ಸರಿಯುವವಳು. ಮನೆಮಾತು ಕೊಂಕಣಿಯಾದರೂ ಊರ ಶಾಲೆಯಲ್ಲಿ ಕಲಿತದ್ದು ಕನ್ನಡ, ಹಾಗಾಗಿ ಅದರಲ್ಲೇ ಬರೆಯುತ್ತೇನೆ. ಗಂಡನ ಹೆಸರು ಹೇಳಿ ನನಗೆ ಅಭ್ಯಾಸವಿಲ್ಲ. ಊರಿನವರ ಹಾಗೆ ನಾನೂ ಅವರನ್ನು ಮಾಸ್ಟ್ರು ಎಂದೇ ಕರೆದವಳು.

ಮಾಸ್ಟ್ರು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದರು. ಶಾಲೆಯಲ್ಲಿ ಮಾತ್ರ ಎಂದರೆ ಸುಳ್ಳಾದೀತು. ಅಂಗಳದ ಮರಳಿನಲ್ಲಿ, ಕುಂಜತ್ತೂರಿಗೆ ಹೋಗುವ ಬಸ್ಸಿನಲ್ಲಿ, ಮದುವೆಯ ಚಪ್ಪರದಲ್ಲಿ, ಎಲ್ಲಿ ಒಬ್ಬ ವಿದ್ಯಾರ್ಥಿ ಸಿಕ್ಕಿದರೂ ಅಲ್ಲೇ ಪಾಠ. ಅಂಗಿಯ ಜೇಬಿನಲ್ಲಿ ಸದಾ ಸೀಮೆಸುಣ್ಣ. ಭಾನುವಾರದ ಪೂಜೆಗೆ ಇಸ್ತ್ರಿ ಹಾಕಿಕೊಟ್ಟ ಅಂಗಿಯಲ್ಲೂ ಎದೆಯ ಮೇಲೆ ಬಿಳಿ ಪುಡಿ. ಮಕ್ಕಳಿಗೆ ಒಂದು ದಿನವೂ ಹೊಡೆದವರಲ್ಲ. "ಲೆಕ್ಕ ಬಾರದ ಮಗು ಅಂತ ಇಲ್ಲ, ಹಸಿವಾದ ಮಗು ಉಂಟು" ಎಂದು ಹೇಳಿ, ಟ್ಯೂಷನ್ನಿಗೆ ಬಂದವರಿಗೆಲ್ಲ ನನ್ನ ಕೈಯಲ್ಲಿ ಮರಗೆಣಸು ಬೇಯಿಸಿ ಕೊಡಿಸುತ್ತಿದ್ದರು. ಲೆಕ್ಕಕ್ಕಿಂತ ಗೆಣಸಿಗೇ ಬಂದವರು ಎಷ್ಟೋ!

ನೆರೆಮನೆಯ ಅಜ್ಜಿ ತೀರಿಹೋದಾಗ ಗುಂಡಿ ತೋಡುವವನ ತಲೆಯ ಮೇಲೆ ನಿಂತು, "ಎರಡೂ ಕರ್ಣ ಅಳೆದು ನೋಡು ಮಾರಾಯ, ಸಮ ಬಾರದಿದ್ದರೆ ಮೂಲೆ ಸೊಟ್ಟ" ಎಂದರು. ಅವನು ಬೆವರು ಒರೆಸಿಕೊಂಡು, "ಒಳಗೆ ಮಲಗಿದವರು ಇಷ್ಟರವರೆಗೆ ದೂರು ಹೇಳಿದ್ದಿಲ್ಲ ಮಾಸ್ಟ್ರೇ" ಎಂದ. ಅಂಥ ಹೊತ್ತಿನಲ್ಲಿ ನಗು ತಡೆಯಲು ನಾನು ಸೆರಗು ಬಾಯಿಗೆ ಒತ್ತಿಕೊಳ್ಳಬೇಕಾಯಿತು. ಜನ ನಾನು ಅಳುತ್ತಿದ್ದೇನೆಂದು ಸಮಾಧಾನ ಮಾಡಿದರು.

ನಿಮ್ಮ ಅಮ್ಮ ನಮ್ಮ ಒಬ್ಬಳೇ ಮಗಳು. ಗಣಿತದಲ್ಲೇ ಎಂಎಸ್ಸಿ ಮಾಡಿದಳು. ಪಿ.ಎಸ್.ಸಿ. ಪರೀಕ್ಷೆ ಬರೆದು ತಮ್ಮ ಶಾಲೆಗೇ ಟೀಚರಾಗಿ ಬರುತ್ತಾಳೆಂದು ಮಾಸ್ಟ್ರು ಕಾದರು. ಅವಳು ಮದುವೆಯಾಗಿ ಉಪ್ಪಳಕ್ಕೆ ಹೋದಳು, ವರ್ಷ ಕಳೆಯುವುದರೊಳಗೆ ಅಲ್ಲಿ ಬ್ಯೂಟಿ ಪಾರ್ಲರ್ ತೆರೆದಳು.

"ಎಂಎಸ್ಸಿ ಕಲಿತದ್ದು ಹುಬ್ಬು ಕೀಳಲಿಕ್ಕಾ?"

"ಕಿತ್ತು ನೋಡಿ ಪಪ್ಪಾ. ಎಡದ್ದು ಬಲದ್ದು ಒಂದು ಎಳೆ ವ್ಯತ್ಯಾಸ ಆದರೆ ಗಿರಾಕಿ ಬಿಡ್ತಾಳಾ? ನಿಮ್ಮ ಮಕ್ಕಳಿಗಾದರೂ ಐದು ಮಾರ್ಕು ಕಡಿಮೆ ಬಂದರೆ ನಡೀತದೆ!"

ಅಷ್ಟೇ. ಅಪ್ಪ ಮಗಳ ಮಾತು ನಿಂತಿತು. ನಡುವೆ ನಾನು, ಮೊದಲೇ ಮಾತು ಬಾರದವಳು. ಅವಳು ಫೋನು ಮಾಡಿದರೆ ಮಾಸ್ಟ್ರು ಗೋಡೆಯ ಕ್ಯಾಲೆಂಡರಿಗೆ ಉತ್ತರ ಹೇಳುತ್ತಿದ್ದರು, ಅದನ್ನು ನಾನು ಫೋನಿಗೆ ದಾಟಿಸುತ್ತಿದ್ದೆ. ಜೋಯಲ್, ನಿನ್ನ ಜ್ಞಾನಸ್ನಾನಕ್ಕೆ ಬಂದ ಮಾಸ್ಟ್ರು ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತು, ಊಟ ಮಾಡದೆ, ನಿನ್ನನ್ನು ಎತ್ತಿಕೊಳ್ಳದೆ ಹೊರಟುಬಂದರು. ದಾರಿಯುದ್ದಕ್ಕೂ "ಮಗುವಿನ ಕಿವಿ ನನ್ನದೇ ಅಲ್ಲವಾ?" ಎಂದು ನನ್ನನ್ನು ಕೇಳಿದ್ದೇ ಕೇಳಿದ್ದು.

ಆ ವರ್ಷದ ತೆನೆ ಹಬ್ಬ ಬಂತು. ಹೊಸ ಅಕ್ಕಿಯನ್ನು ಮನೆಯ ಹಿರಿಯರ ಕೈಯಿಂದ ಎಲ್ಲರೂ ಕೂಡಿ ತಿನ್ನಬೇಕು. ಬಾರದವರ ಪಾಲಿನ ಕಾಳನ್ನು ಕಾಗದದಲ್ಲಿ ಕಟ್ಟಿ ಕಳಿಸುವುದು ಕ್ರಮ. ಗಲ್ಫಿನಲ್ಲಿರುವವರಿಗೆ ಕಳಿಸುವುದು ಸರಿ... ಇಲ್ಲೇ ಹತ್ತಿರದ ಉಪ್ಪಳಕ್ಕೆ ಕಟ್ಟಿ ಕಳಿಸಬೇಕಾಗಿ ಬಂದರೆ ಈ ಜಗಳ ಇನ್ನು ಮುಗಿಯುವುದಿಲ್ಲವೆಂದು ನನಗೆ ಹೆದರಿಕೆ. ಮಾಸ್ಟ್ರು ಕ್ಯಾಲೆಂಡರಿಗೆ, "ಬರುವುದು ಬಿಡುವುದು ಅವರವರ ಇಷ್ಟ" ಎಂದರು. ನಾನು ಫೋನಿನಲ್ಲಿ, "ಬರಬೇಕಂತೆ" ಎಂದೆ. ತರ್ಜುಮೆಯಲ್ಲಿ ಅಷ್ಟು ಹೆಚ್ಚುಕಡಿಮೆ ಇರುತ್ತದೆ.

ಹಬ್ಬದ ಊಟಕ್ಕೆ ಮೀನು ಮಾಂಸ ಇಲ್ಲ, ತರಕಾರಿ ಪದಾರ್ಥ ಮಾತ್ರ. ಅವುಗಳ ಸಂಖ್ಯೆ ಬೆಸ ಇರಬೇಕು. ನಾನು ಹರಿವೆ, ಬೆಂಡೆ, ಹೀರೆ, ಹಾಗಲ, ಕೆಸು, ತೊಂಡೆ, ಅಂಬಟೆ ಎಂದು ಏಳು ಮಾಡಿ ಮುಗಿಸಿದ್ದೆ. ಮಾಸ್ಟ್ರು ಬಂದು ಮುಚ್ಚಳ ಎತ್ತಿ ಎತ್ತಿ ಎಣಿಸಿ ಸಹಿ ಹಾಕಿದ ಹಾಗೆ ತಲೆಯಾಡಿಸಿ ಹೋದರು. ಎಲೆ ಹಾಕುವ ಹೊತ್ತಿಗೆ ಅಂಗಳದಲ್ಲಿ ರಿಕ್ಷಾ. ನಿಮ್ಮ ಅಮ್ಮ ಇಳಿದಳು. ಸೊಂಟದಲ್ಲಿ ಜೋಯಲ್, ಕೈಯಲ್ಲಿ ಒಂದು ಪಾತ್ರೆ. ಬರಿಗೈಯಲ್ಲಿ ಬರಬಾರದೆಂದು ಅಲಸಂಡೆ ಪಲ್ಯ ಮಾಡಿ ತಂದಿದ್ದಳು.

ಹಬ್ಬಕ್ಕೆ ಬಂದಿದ್ದ ಮಾಸ್ಟ್ರ ಅಕ್ಕ ಎದೆಗೆ ಕೈ ಇಟ್ಟುಕೊಂಡರು. "ದೇವರೇ, ಎಂಟು ಆಯಿತಲ್ಲ! ಹಬ್ಬದ ದಿನ ಸಮ ಬಡಿಸಲಿಕ್ಕುಂಟಾ? ನಿನ್ನದು ಆಚೆ ಇಡು ಮಗಾ, ರಾತ್ರಿಗೆ ತಿನ್ನುವಾ."

ನಿಮ್ಮ ಅಮ್ಮನ ಮುಖ ಕೆಂಪಾಯಿತು. ಪಾತ್ರೆಯನ್ನು ಕೆಳಗಿಡಲೂ ಇಲ್ಲ, ಕೊಡಲೂ ಇಲ್ಲ. ರಿಕ್ಷಾ ಇನ್ನೂ ತಿರುಗುತ್ತಿತ್ತು, ಅವಳು ಅದರ ಕಡೆಗೇ ನೋಡಿದಳು.

ಮಾಸ್ಟ್ರು ಎದ್ದರು. ಸೀದಾ ಅಡುಗೆಮನೆಗೆ ಹೋದರು! ನೀರು ಬೇಕಾದರೂ ಹೊರಗಿನಿಂದಲೇ ಕೂಗುವವರು. ಒಳಗೆ ಡಬ್ಬಿಗಳು ಉರುಳಿದವು, ಏನೋ ಬಿತ್ತು. ಆಮೇಲೆ ಟಕ್, ಟಕ್ ಎಂದು ಕತ್ತಿಯ ಶಬ್ದ. ಕೊನೆಗೆ ಒಂದು ತಟ್ಟೆ ಹಿಡಿದು ಹೊರಬಂದರು. ಸಿಪ್ಪೆ ತೆಗೆಯದ ಮುಳ್ಳುಸೌತೆ, ಮೇಲೆ ಹಿಡಿ ಉಪ್ಪು. ಹೋಳುಗಳು ಮಾತ್ರ ಎಲ್ಲ ಒಂದೇ ದಪ್ಪ.

"ಒಂಬತ್ತು," ಎಂದರು. "ಅಲಸಂಡೆ ಬಡಿಸು."

"ಇದು ಪದಾರ್ಥವಾ?" ಎಂದರು ಅಕ್ಕ.

"ಕೊಯ್ದದ್ದು ಉಂಟು, ಉಪ್ಪು ಉಂಟು. ಇನ್ನೆಂತ ಬೇಕು?"

ಆ ಸೌತೆ ಶುದ್ಧ ಕಹಿ. ನಾವು ಒಂದು ಹೋಳೂ ಬಿಡದೆ ತಿಂದೆವು. ನಿಮ್ಮ ಅಮ್ಮ ನಗುತ್ತ, ಕಣ್ಣೊರೆಸುತ್ತ, ಎರಡು ಸಲ ಬಡಿಸಿಕೊಂಡಳು. ಜೋಯಲ್, ನಿನ್ನನ್ನು ಅವರು ಮಡಿಲಲ್ಲಿ ಕೂರಿಸಿಕೊಂಡು ಹೊಸ ಅಕ್ಕಿ ನಾಲಿಗೆಗೆ ಮುಟ್ಟಿಸುವಷ್ಟರಲ್ಲಿ ನೀನು ಜೇಬಿಗೆ ಕೈಹಾಕಿ ಸೀಮೆಸುಣ್ಣ ಕಚ್ಚಿಯಾಗಿತ್ತು.

ನಿವೃತ್ತರಾದ ಮೇಲೆ ಪಾರ್ಲರಿನ ಹೊರಬೆಂಚೇ ಅವರ ಶಾಲೆ. ಅನಿಶಾ, ನೀನು ಮಗ್ಗಿ ಕಲಿತದ್ದು ಅಲ್ಲಿ. ಹೊರಬರುವ ಗಿರಾಕಿಗಳ ಮುಖವನ್ನು ಕನ್ನಡಕ ಏರಿಸಿ ನೋಡಿ, "ಸಮ ಉಂಟು, ಹೋಗಿ" ಎನ್ನುತ್ತಿದ್ದರು. "ಪಪ್ಪನನ್ನು ಮನೆಯಲ್ಲೇ ಇಟ್ಟುಕೊಳ್ಳಿ ಮಮ್ಮಿ, ಗಿರಾಕಿಗಳು ಓಡ್ತಾರೆ" ಎಂದು ನಿಮ್ಮ ಅಮ್ಮ ಬೇಡಿಕೊಂಡರೂ, ಅವರು ಹೋಗದ ದಿನ ಅವಳದೇ ಮೊದಲ ಫೋನು.

ಅವರು ಹೋದ ದಿನ... ಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ನಿಮ್ಮ ಅಮ್ಮ ಕತ್ತರಿ ಬಾಚಣಿಗೆ ತಂದು ಅವರ ಮೀಸೆ ಕತ್ತರಿಸಲು ಕೂತಳು. ಹಿಂದೆ ಸರಿದು ನೋಡುವುದು, ಮತ್ತೆ ಬಗ್ಗಿ ಒಂದು ಎಳೆ ತೆಗೆಯುವುದು. ಇಗರ್ಜಿಯ ಗಂಟೆ ಬಡಿಯತೊಡಗಿತು.

"ಸಾಕು ಮಗಾ, ಫಾದರ್ ಕಾಯ್ತಾ ಇದ್ದಾರೆ" ಎಂದರು ಮಾಸ್ಟ್ರ ಅಕ್ಕ.

"ಒಂದು ನಿಮಿಷ ಅತ್ತೆ. ಬಲಗಡೆ ಸ್ವಲ್ಪ ಹೆಚ್ಚು ಉಂಟು. ಪಪ್ಪನಿಗೆ ಆಗುವುದಿಲ್ಲ."

ಈಗ ಮನೆಗೆ ಹಿರಿಯಳು ನಾನೇ. ಇವತ್ತು ಹೊಸ ಅಕ್ಕಿ ಹಂಚಿದ್ದೂ ನಾನೇ. ಅರ್ಧ ಕೈಯಿಂದ ಚೆಲ್ಲಿತು, ನೀವಿಬ್ಬರೂ ನೋಡದ ಹಾಗೆ ಮಾಡಿದಿರಿ, ನನಗೆ ಗೊತ್ತಾಯಿತು.

ಈ ಹಾಳೆಗಳನ್ನು ಬೈಬಲಿನೊಳಗೆ ಇಡಬೇಡಿ. ನಿಮ್ಮನ್ನು ನಾನು ಬಲ್ಲೆ, ಅಲ್ಲಿಟ್ಟರೆ ಮತ್ತೆ ತೆರೆಯುವವರಲ್ಲ. ಮೊಬೈಲಿನ ಚಾರ್ಜರ್ ಇಡುವ ಡ್ರಾಯರಿನಲ್ಲಿ ಇಡಿ. ದಿನಕ್ಕೊಮ್ಮೆಯಾದರೂ ನಿಮ್ಮ ಕೈ ಮಾಸ್ಟ್ರಿಗೆ ತಾಗಲಿ.