ಎಣ್ಣೆ ನಿಂತ ಗುಳಿ

ಸವಣೂರಿನ ನಮ್ಮ ಎಲೆತೋಟದಲ್ಲಿ ವೀಳ್ಯದ ಬಳ್ಳಿ ಏರಿದಂತೆಲ್ಲ ಅದನ್ನು ಆಸರೆಯ ಗಿಡಕ್ಕೆ ನಾರಿನಿಂದ ಕಟ್ಟುತ್ತಾ ಹೋಗಬೇಕು. ಬಿಗಿಯಾದರೆ ನಾರು ಬಳ್ಳಿಯನ್ನು ಕೊರೆಯುತ್ತದೆ, ಸಡಿಲಾದರೆ ಬಳ್ಳಿ ಗಾಳಿಗೆ ಜಾರುತ್ತದೆ. ಆ ಹದ ನಮ್ಮ ಮನೆಯವರ ಬಲಗೈಯಲ್ಲಿತ್ತು.

ಒಮ್ಮೆ ಏಣಿ ಇಳಿಯುವಾಗ ಕುಡುಗೋಲು ತಾಗಿ ಅವರ ಮಣಿಕಟ್ಟು ಕಿರುಬೆರಳಿನ ಕಡೆ ಸೀಳಿತು. ಹೊಲಿಗೆ ಹಾಕಿಸಿದೆವು. ಗಾಯ ಎಷ್ಟು ಚಂದ ಮಾಯಿತೆಂದರೆ, ಮನೆಗೆ ಬಂದವರಿಗೆಲ್ಲ ನಾನೇ ತೋರಿಸುತ್ತಿದ್ದೆ. ಕಿರುಬೆರಳು ಜೋಮು ಹಿಡಿದಂತಿತ್ತು ನಿಜ. ಆದರೆ ಹೆಬ್ಬೆರಳಿನ ಬಳಿ ಮುಟ್ಟಿದರೆ ಚೆನ್ನಾಗಿ ತಿಳಿಯುತ್ತಿತ್ತು. ಹಾಗಾಗಿ ನರದ ಮಾತೇ ನಮ್ಮ ತಲೆಗೆ ಬರಲಿಲ್ಲ. ಅವರು ಹಿಡಿದ ನಾರು ಬೆರಳಿನಿಂದ ಜಾರತೊಡಗಿದಾಗ, ಕೆಲಸವಿಲ್ಲದೆ ಕೈ ಸೊರಗಿದೆ ಎಂದುಕೊಂಡೆವು.

ದಿನಾ ಸಂಜೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿದೆ. ತುಪ್ಪ ಸುರಿದು ಗೋಧಿ ಹುಗ್ಗಿ ಬಡಿಸಿದೆ.

“ಕೈಗಂತ ಹುಗ್ಗಿ ಮಾಡ್ತಿ, ಅದು ದಾರಿ ತಪ್ಪಿ ಹೊಟ್ಟಿಗೇ ಹೊಂಟೈತಲ್ಲ,” ಎಂದು ಅವರು ನಗುತ್ತಿದ್ದರು.

“ತಿನ್ರಿ ಸುಮ್ಮನ. ಕೈಗೂ ಹೋಗ್ತೈತಿ.”

ಮೊದಮೊದಲು ಹೆಬ್ಬೆರಳು, ತೋರುಬೆರಳಿನ ನಡುವೆ ಬಿಟ್ಟ ಎಣ್ಣೆ ಇಳಿದು ಹೋಗುತ್ತಿತ್ತು. ಬರಬರುತ್ತ ಅಲ್ಲೇ ನಿಲ್ಲತೊಡಗಿತು. ಅಷ್ಟು ಗುಳಿ ಬಿದ್ದಿತ್ತು. ನಾನು ಇನ್ನಷ್ಟು ಹೊತ್ತು ತಿಕ್ಕಿದೆ.

ಗಾಯವಾದ ಮೇಲಿನ ಎರಡನೇ ಬೇಸಿಗೆಯಲ್ಲಿ ಯಲವಿಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆವು. ಅಲ್ಲಿನ ವೈದ್ಯೆ ಕೈ ಪರೀಕ್ಷೆ ಮಾಡಿ, ಮಣಿಕಟ್ಟಿನೊಳಗೆ ಕಿರುಬೆರಳಿನ ಕಡೆಯ ನರ ತುಂಡಾಗಿದೆ, ಹೆಬ್ಬೆರಳಿನ ಪಕ್ಕದ ಸ್ನಾಯುವಿಗೂ ಅದೇ ನರ ಹೋಗುತ್ತದೆ ಎಂದರು.

“ನರ ಬರೇ ಅಲಗಾಡು ಅಂತ ಹೇಳೂದಿಲ್ರಿ. ಸ್ನಾಯುವಿನೊಳಗ ಯಾವ ಜೀನ್ ಎಲ್ಲಿ ಕೆಲಸಾ ಮಾಡಬೇಕು ಅನ್ನೂದನ್ನೂ ಅದ ನೋಡ್ಕೋತೈತಿ. ನರದ ಸುದ್ದಿ ಹಿಡಿಯೋ ಪ್ರೋಟೀನ್, ನರ ಬಂದು ಕೂಡೋ ಜಾಗದಾಗಷ್ಟ ತಯಾರಾಗಬೇಕು. ಉಳಿದ ಕಡೆ ಆ ಜೀನ್ ಸುಮ್ಮನಿರಬೇಕು. ನರ ಕಡದ್ರ ಆ ಹಿಡಿತ ತಪ್ಪತೈತಿ. ಸ್ನಾಯು ಮೈತುಂಬ ಆ ಪ್ರೋಟೀನ್ ಮಾಡ್ಕೊಂಡು ಕಾಯ್ತೈತಿ. ಕಾದು ಕಾದು ಕರಗ್ತೈತಿ.”

“ಮತ್ತ ನಾ ಎಣ್ಣಿ ತಿಕ್ಕಿದ್ದು?”

“ಅದರಿಂದ ಕೇಡೇನಿಲ್ರೀ ಅಕ್ಕಾರ. ಆದ್ರ ಆವಾಗ್ಲೇ ಬಂದಿದ್ರ ನರ ಹೊಲೀಬಹುದಿತ್ತು. ಈಗ ಹೊಲದ್ರೂ ಆ ಸ್ನಾಯು ಮೊದಲಿನಂಗ ಆಗೂದಿಲ್ಲ.”

ರೈಲಿನಲ್ಲಿ ಬರುವಾಗ ಅವರ ಕೈ ನನ್ನ ಮಡಿಲಲ್ಲಿತ್ತು. ಅಷ್ಟೂ ಸಂಜೆ ಆ ಸ್ನಾಯು ಮೈಯೆಲ್ಲ ಕಿವಿಯಾಗಿ ಕಾಯುತ್ತಿದ್ದಾಗ, ನಾನು ಮೇಲಿನ ಚರ್ಮ ಹೊಳೆಯುವುದನ್ನು ನೋಡಿ ಸಮಾಧಾನಪಟ್ಟುಕೊಂಡಿದ್ದೆ.

ಈಗ ಅವರು ಮುಂಗೈಯಿಂದ ಬಳ್ಳಿಯನ್ನು ಗಿಡಕ್ಕೆ ಒತ್ತಿ ಹಿಡಿಯುತ್ತಾರೆ, ನಾನು ಕಟ್ಟುತ್ತೇನೆ.

“ಬಿಗಿ ಆತು, ಸಡ್ಲ ಮಾಡು,” ಎನ್ನುತ್ತಾರೆ.

ಬಿಚ್ಚಿ ಮತ್ತೆ ಕಟ್ಟುತ್ತೇನೆ. ಅವರ ಕೈಯ ಹದ ನನಗೆ ಬಂದಿಲ್ಲ. ಗಾಳಿ ಬಿಟ್ಟ ಮರುದಿನ ಬಳ್ಳಿಗಳು ಜಾರಿರುತ್ತವೆ. ಅವರು ಮತ್ತೆ ಮುಂಗೈ ಚಾಚಿ ಬಳ್ಳಿಯನ್ನು ಗಿಡಕ್ಕೆ ಒತ್ತುತ್ತಾರೆ.